ಕಾರು ಹತ್ತಿದ ಗಾಲಿಕುರ್ಚಿ
ಗಾಲಿಕುರ್ಚಿ ಮಡಚಿ ಡಿಕ್ಕಿಗೆ ಹಾಕುವುದು ಇವತ್ತು ಮಾಮೂಲು. ಮೊದಲು ಹಾಗಿರಲಿಲ್ಲ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡವರು. ಆಗಿನ ದಪ್ಪ ಕುರ್ಚಿಗಳು ಕಾರಿಗೆ ಹಿಡಿಸುತ್ತಿರಲಿಲ್ಲ. 1933ರಲ್ಲಿ ಎಂಜಿನಿಯರ್ ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ ಸೇರಿ, ಸೀಟಿನಡಿ ಕತ್ತರಿಯಂತೆ ಪಟ್ಟಿ ಕೂಡಿಸಿ ಮಡಚುವ ಕುರ್ಚಿ ಮಾಡಿದರು.

ಕುರ್ಚಿಯೇನೋ ಕಾರು ಹತ್ತಿತು. ಕೂತವರನ್ನು? ಯಾರಾದರೂ ಎತ್ತಬೇಕು. ಸ್ನಾಯು ಸೊರಗುವ ಕಾಯಿಲೆಯ ರಾಲ್ಫ್ ಬ್ರಾನ್ 1970ರಲ್ಲಿ ವ್ಯಾನಿಗೆ ಲಿಫ್ಟ್ ಕೂರಿಸಿ, ಯಾರ ಕೈಯೂ ಹಿಡಿಯದೆ ಹತ್ತಿ ತಾವೇ ಓಡಿಸಿದರು.

ನಮ್ಮೂರಲ್ಲಿ ಅಜ್ಜಿಯನ್ನು ಆಟೋಗೆ ಈಗಲೂ ಇಬ್ಬರು ಎತ್ತುತ್ತಾರೆ. ಬ್ಯಾಟರಿ ಕುರ್ಚಿ ಬಲು ಭಾರ. ಬಣ್ಣಕ್ಕಿಂತ ಮೊದಲು ತೂಕ ಕೇಳಿ. ಡಿಕ್ಕಿಯ ಬಾಯಿ ಅಳೆದುಕೊಂಡು ಹೋಗಿ, ದಿನಾ ಎತ್ತುವವರ ಕೈಲೇ ಅಂಗಡಿಯಲ್ಲಿ ಒಮ್ಮೆ ಎತ್ತಿಸಿ ನೋಡಿ.