ಕಪ್ಪು ಗ್ಲಾಸ್ ಹಾಕಿದ್ರೆ ಸಾಲದು: ತೋಟದ ಕೆಲಸಕ್ಕೆ, ಕೋವಿ ಹಿಡಿಯೋಕೆ ಯಾವ ಕನ್ನಡಕ?

ವೀಡ್ ಕಟ್ಟರ್ ಬ್ಲೇಡಿಗೆ ಸಿಕ್ಕಿದ ಕಲ್ಲುಚೂರು ಯಾವ ಕಡೆ ಹಾರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಕೊಡಗಿನ ಕಾಫಿ ತೋಟಗಳಲ್ಲಿ ಈ ಮೆಷಿನ್ ಸದ್ದು ಶುರುವಾಗುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಬಂತೆಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಎರಡು ಕಡೆಯೂ ಕಣ್ಣಿಗೆ ಅಪಾಯ ಇದೆ. ಆದರೆ ಸಂತೆಯಲ್ಲಿ ತಗೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಂಡು ‘ಸೇಫ್’ ಅಂದುಕೊಳ್ಳುವವರೇ ಜಾಸ್ತಿ.

ಗ್ಲಾಸ್ ಎಷ್ಟು ಕಪ್ಪು ಅನ್ನೋದಕ್ಕೂ ಅದು ಪೆಟ್ಟು ತಡೆಯುತ್ತಾ ಅನ್ನೋದಕ್ಕೂ ಸಂಬಂಧ ಇಲ್ಲ. ಕಡಿಮೆ ದರ್ಜೆಯ ಲೆನ್ಸ್ ಪೆಟ್ಟಿಗೆ ಒಡೆದರೆ ಆ ಚೂರೇ ಕಣ್ಣಿಗೆ ನುಗ್ಗುತ್ತದೆ. ಕೆಲಸಕ್ಕೆ ಬೇಕಿರುವುದು ಪಾಲಿಕಾರ್ಬೊನೇಟ್ ಲೆನ್ಸ್. ಬಣ್ಣ ಇಲ್ಲದ ಪಾಲಿಕಾರ್ಬೊನೇಟ್ ಕೂಡ ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣವನ್ನು ಬಹುಪಾಲು ತಡೆಯುತ್ತದೆ. ಈ ಕಿರಣ ತಡೆಯದ ಬರೀ ಕಪ್ಪು ಗ್ಲಾಸ್ ಹಾಕಿದರೆ ಒಳಗಿನ ಕತ್ತಲಿಗೆ ಕಣ್ಣಿನ ಪಾಪೆ ಅಗಲವಾಗಿ, ಕಿರಣ ಇನ್ನೂ ಹೆಚ್ಚು ಒಳಗೆ ಹೋಗುತ್ತದೆ.

ಕೊಳ್ಳುವಾಗ ಬೆಲೆ ಕೇಳುವ ಮೊದಲು ಮುದ್ರೆ ಹುಡುಕಿ. ನಮ್ಮ ದೇಶದ ಮಾನದಂಡ ಐಎಸ್ 5983. ಹೊರಗಿನ ಮಾಲಾದರೆ ಯುರೋಪಿನ ಇಎನ್ 166 ಅಥವಾ ಅಮೆರಿಕದ ಝಡ್87+ ಇರಬೇಕು. ಇಎನ್ 166ರಲ್ಲಿ ‘ಎಫ್’ ಅಕ್ಷರ ಇದ್ದರೆ, ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬರುವ 6 ಮಿ.ಮೀ. ಉಕ್ಕಿನ ಗುಂಡಿನ ಪೆಟ್ಟು ತಡೆದಿದೆ ಎಂದರ್ಥ. ‘ಬಿ’ ಅಂದರೆ 120 ಮೀಟರ್. ಅದು ಮುಖಕ್ಕೆ ಅಂಟಿ ಕೂರುವ ಗಾಗಲ್ಸ್‌ಗೆ ಸಿಗುವ ದರ್ಜೆ, ಕಿವಿಗೆ ಸಿಕ್ಕಿಸುವ ಕನ್ನಡಕಕ್ಕೆ ಅಲ್ಲ. ಮುದ್ರೆ ಲೆನ್ಸ್ ಮೇಲೂ ಫ್ರೇಮ್ ಮೇಲೂ ಇರಬೇಕು. ಬರೀ ‘ಯುವಿ 400’ ಸ್ಟಿಕ್ಕರ್ ಬಿಸಿಲಿನ ಮಾತು ಹೇಳುತ್ತೆ, ಕಲ್ಲಿನ ಮಾತಲ್ಲ.

ವೀಡ್ ಕಟ್ಟರ್, ಮರಗಸಿ, ಚೈನ್‌ಸಾ ಕೆಲಸಕ್ಕೆ ಪಕ್ಕದಿಂದಲೂ ಮುಚ್ಚುವ ಕನ್ನಡಕವೇ ಆಗಬೇಕು. ಜಾಲರಿಯ ಮುಖಗವಚ ದೊಡ್ಡ ಚೂರು ತಡೆದೀತು, ಪುಡಿ ನುಗ್ಗುತ್ತದೆ. ಅದರ ಒಳಗೂ ಕನ್ನಡಕ ಬೇಕು. ನೆರಳಿನ ತೋಟದಲ್ಲಿ ಬಿಳಿ ಲೆನ್ಸೇ ಒಳ್ಳೇದು. ಕಪ್ಪು ಹಾಕಿದರೆ ಬೇರು, ಕಲ್ಲು ಕಾಣದೆ ಎಡವುತ್ತಾರೆ. ಮಂಜು ಕಟ್ಟುತ್ತೆ ಅಂತ ತೆಗೆದಿಡುವವರು ಆಂಟಿ ಫಾಗ್ ಲೆನ್ಸ್ ಕೇಳಲಿ. ಬೋರ್ಡೊ ದ್ರಾವಣ ಹೊಡೆಯುವವರಿಗೆ ಮಾತ್ರ ಕನ್ನಡಕ ಸಾಲದು, ಹನಿ ಒಳಗೆ ಹೋಗದ ಗಾಗಲ್ಸ್ ಬೇಕು. ಅದರಲ್ಲಿರೋದು ಸುಣ್ಣ, ಮೈಲುತುತ್ತ.

ವೆಲ್ಡಿಂಗ್ ಶಾಪಿನವರು ಕೂಲಿಂಗ್ ಗ್ಲಾಸ್ ನಂಬಲೇಬಾರದು. ಆರ್ಕ್ ವೆಲ್ಡಿಂಗಿಗೆ ಸಾಮಾನ್ಯವಾಗಿ 10ರಿಂದ 13ನೇ ನಂಬರಿನ ಶೇಡ್ ಬೇಕು. ಇಲ್ಲದಿದ್ದರೆ ಕೆಲವು ಗಂಟೆ ಬಿಟ್ಟು, ಹೆಚ್ಚಾಗಿ ರಾತ್ರಿ ಮಲಗಿದಾಗ, ಕಣ್ಣಲ್ಲಿ ಮರಳು ಹಾಕಿದಂತೆ ಉರಿ ಶುರು.

ಕೋವಿ ವಿಚಾರಕ್ಕೆ ಬಂದರೆ, ಗುರಿಕಾರನಿಗೆ ಅಪಾಯ ಗುಂಡಿನಿಂದಲೇ ಬರಬೇಕಿಲ್ಲ. ಹಿಂದಕ್ಕೆ ಸಿಡಿಯುವ ಬಿಸಿ ಗ್ಯಾಸ್, ಮದ್ದಿನ ಕಣ, ಹೊರಗೆ ಹಾರುವ ಖಾಲಿ ತೋಟಾ ಸಾಕು. ಮೋಡ ಮುಸುಕಿದ ದಿನ ಹಳದಿ ಲೆನ್ಸ್ ಹಾಕಿದರೆ ಗುರಿ ಎದ್ದು ಕಾಣುತ್ತದೆ ಅನ್ನುವವರು ಹಲವರು. ಬಿಸಿಲಿಗೆ ಬೂದು ಅಥವಾ ಕಂದು. ಬಣ್ಣ ಯಾವುದಾದರೂ ಮುದ್ರೆ ಇರಲೇಬೇಕು. ಪಕ್ಕದಲ್ಲಿ ನಿಲ್ಲುವವರೂ ಹಾಕಬೇಕು. ಇದನ್ನು ಆಯೋಜಕರೇ ಕಡ್ಡಾಯ ಮಾಡಿದರೆ ತಪ್ಪೇನು? ದಿನಾ ಹಾಕುವ ಪವರ್ ಕನ್ನಡಕ ಇದಕ್ಕೆ ಆಗಲ್ಲ. ಅದರ ಮೇಲೆ ಹಾಕುವ ಸೇಫ್ಟಿ ಗ್ಲಾಸ್ ಸಿಗುತ್ತದೆ.

ಗೀರು ಬಿದ್ದ, ಬಿರುಕು ಬಿಟ್ಟ ಲೆನ್ಸ್ ಬಿಸಾಡಿ. ಒಣಬಟ್ಟೆಯಲ್ಲಿ ಉಜ್ಜದೆ ನೀರಲ್ಲಿ ತೊಳೆಯಿರಿ. ಗ್ಯಾರೇಜಿನವರು ಥಿನ್ನರ್, ಪೆಟ್ರೋಲ್‌ನಲ್ಲಿ ಒರೆಸಿದರೆ ಪಾಲಿಕಾರ್ಬೊನೇಟ್ ಹಾಳಾಗುತ್ತದೆ.

ಇಷ್ಟಾಗಿಯೂ ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬೇಡಿ. ಸುಣ್ಣ, ಔಷಧಿ ಸಿಡಿದರೆ ಕೂಡಲೇ ಕನಿಷ್ಠ 15 ನಿಮಿಷ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ. ಚುಚ್ಚಿಕೊಂಡ ಚೂರನ್ನು ಬಟ್ಟೆ ತುದಿ, ನೋಟಿನ ಅಂಚಿನಿಂದ ತೆಗೆಯುವ ಸಾಹಸ ಬೇಡ. ಎಲೆ, ಕಡ್ಡಿ ತಾಗಿದ ಕಣ್ಣಿಗೆ ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಫಂಗಸ್ ಸೋಂಕು ಜೋರಾಗಿ ಕಾರ್ನಿಯಾ ಹುಣ್ಣಾಗಬಹುದು, ದೃಷ್ಟಿಯೇ ಹೋಗಬಹುದು. ಕೆಂಪು, ನೀರು ಸುರಿಯೋದು ಮರುದಿನವೂ ಇದ್ದರೆ ಮೆಡಿಕಲ್ ಶಾಪ್ ಬಿಟ್ಟು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.