ಮನೆಯೂ ಮಿಷನ್ನೂ: ಪಾಲಮೂರು ಸೀಮೆಯ ಮಿಷನರಿ ದಂಪತಿಗಳ ಸಂಸಾರವನ್ನು ಕುರಿತು

ನಾರಾಯಣಪೇಟೆಗೂ ಮಕ್ತಲ್‌ಗೂ ನಡುವೆ ಇರುವ ಉಟ್ಕೂರು ಹಳೆಯ ಹೈದರಾಬಾದ್ ಸಂಸ್ಥಾನದ ಮಹಬೂಬ್‌ನಗರ, ಅಂದರೆ ಪಾಲಮೂರು ಸೀಮೆಗೆ ಸೇರಿದ್ದು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಈ ಗಡಿನಾಡಿನ ಪಶ್ಚಿಮಕ್ಕೆ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ, 19ನೇ ಶತಮಾನದ ಮೊದಲರ್ಧದಲ್ಲೇ ಬಾಸೆಲ್ ಮಿಷನ್ ನೆಲೆಯೂರಿತ್ತು. ಪೂರ್ವಕ್ಕೆ ಪಾಲಮೂರಿನಲ್ಲಿ 1885ರಿಂದ ಅಮೆರಿಕನ್ ಬ್ಯಾಪ್ಟಿಸ್ಟರ ತೆಲುಗು ಮಿಷನ್ ಇತ್ತು. ಅದರ ಮಹಬೂಬ್‌ನಗರ ಮತ್ತು ಗದ್ವಾಲ ಕೇಂದ್ರಗಳು 1937ರಲ್ಲಿ ಮೆನೊನೈಟ್ ಬ್ರೆದ್ರೆನ್ ಸಭೆಯ ಕೈಗೆ ಬಂದವು. ಬಾಸೆಲ್, ಮೆನೊನೈಟ್ ಎರಡೂ ಪರಂಪರೆಗಳ ಚರಿತ್ರೆಯನ್ನು ದೀಕ್ಷಾಸ್ನಾನ, ಶಾಲೆ, ಮುದ್ರಣಾಲಯ, ನಿಘಂಟುಗಳ ಲೆಕ್ಕದಲ್ಲಿ ಬರೆದವರು ಅನೇಕರು. ಗಂಡ, ಹೆಂಡತಿ, ಮಕ್ಕಳ ಸಂಸಾರವನ್ನು ಮಾತ್ರ ಅವರು ಮುನ್ನುಡಿಯ ಕೃತಜ್ಞತೆಗೆ ಬಿಟ್ಟಿದ್ದಾರೆ. ನನ್ನ ವಾದ ಇಷ್ಟೇ: ಮಿಷನರಿಯ ಸಂಸಾರ ಅವನ ಖಾಸಗಿ ವಿಷಯವಾಗಿರಲಿಲ್ಲ. ಸಂಸ್ಥೆಯೇ ಅದನ್ನು ಕಟ್ಟುತ್ತಿತ್ತು, ಬೇಕಾದಾಗ ಬಿಡಿಸುತ್ತಿತ್ತು.

ಬಾಸೆಲ್ಲಿನವರು ಇದನ್ನು ಮುಚ್ಚುಮರೆಯಿಲ್ಲದೆ ಮಾಡಿದರು. ಮಿಷನ್ನಿನ ಸಮಿತಿಯ ಅಪ್ಪಣೆಯಿಲ್ಲದೆ ಮದುವೆ ಇಲ್ಲ. ಅಪ್ಪಣೆ ಬೇಕಾದರೂ ಮೊದಲು ಕ್ಷೇತ್ರದಲ್ಲಿ ಕೆಲವು ವರ್ಷ ದುಡಿದಿರಬೇಕು. ವಧುವನ್ನು ಎಷ್ಟೋ ಸಲ ಸಮಿತಿಯೇ ಹುಡುಕಿ ಹಡಗು ಹತ್ತಿಸುತ್ತಿತ್ತು. 1853ರಲ್ಲಿ ಬಾಸೆಲ್ ನಗರದಲ್ಲಿ ಮಿಷನರಿ ಮಕ್ಕಳ ಮನೆ ತೆರೆದ ಮೇಲೆ, ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸುವುದೇ ಕಟ್ಟಳೆಯಾಯಿತು. ಮಂಗಳೂರಿನ ದಂಪತಿಗೂ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್ ದಂಪತಿಗೂ ಇದು ಒಂದೇ. ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದುಬೊವಾ ದಂಪತಿಯ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಬಾಸೆಲ್ಲಿನ ಮಕ್ಕಳ ಮನೆ ತೆರೆಯುವುದಕ್ಕೂ ಮುಂಚೆ, ನಾಲ್ಕು ತುಂಬುವ ಮೊದಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮಲಬಾರಿಗೆ ಮರಳಿದರು. ಅವಳು ಅವರನ್ನು ಮತ್ತೆ ಸೇರಿದ್ದು 1857ರಲ್ಲಿ. ಇದೇ ಮೇರಿಯ ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ, ತಂದೆತಾಯಿ ಬಾಸೆಲ್ಲಿನಲ್ಲೇ ಇದ್ದ ದಿನಗಳಲ್ಲಿ ಮಿಷನ್ನಿನ ಹುಡುಗರ ಮನೆಯಲ್ಲಿ ಕೆಲಕಾಲ ಇರಬೇಕಾಯಿತು. ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯನ್ನು ಭಾರತದ ಅಧ್ಯಾತ್ಮಕ್ಕೆ ಮಾತ್ರ ಕಟ್ಟಿಹಾಕುವ ವಿಮರ್ಶಕರು ಮನೆ ಬಿಟ್ಟು ಹೊರಡುವ ಮಗನ ಕಥೆಗೆ ಈ ಮೂಲವನ್ನೂ ಒಮ್ಮೆ ನೋಡಬಹುದು.

ಕನ್ನಡದ ಕೆಲಸವೂ ಈ ಲೆಕ್ಕದಿಂದ ಹೊರಗಿಲ್ಲ. ಕನ್ನಡ ನಿಘಂಟು ಬರೆದ ಬಾಸೆಲ್ ಮಿಷನರಿ ಕಿಟ್ಟೆಲ್ ಅವರ ಮೊದಲ ಹೆಂಡತಿ ಪೌಲೀನ್ 1864ರಲ್ಲಿ ತೀರಿಕೊಂಡರು. ಆಮೇಲೆ ಅವರು ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ನಿಘಂಟಿನ ಕೆಲಸಕ್ಕೆಂದು 1883ರಲ್ಲಿ ಮತ್ತೆ ಭಾರತಕ್ಕೆ ಬಂದಾಗ ಸಂಸಾರ ಜರ್ಮನಿಯಲ್ಲೇ ಉಳಿಯಿತು. 1894ರ ನಿಘಂಟಿನ ಹಿಂದೆ ಒಬ್ಬ ಪಂಡಿತನ ದುಡಿಮೆಯಷ್ಟೇ ಅಲ್ಲ, ಒಂಟಿಯಾಗಿ ಮನೆ ನಡೆಸಿದ ಹೆಣ್ಣಿನ ವರ್ಷಗಳೂ ಇವೆ.

ಗೋಲ್ಡ್ ಕೋಸ್ಟ್‌ನ ಬಾಸೆಲ್ ಮಿಷನರಿ ಯೋಹಾನೆಸ್ ಝಿಮ್ಮರ್‌ಮಾನ್ ಮದುವೆಗೆ ಅಪ್ಪಣೆ ಬೇಕೆಂಬ ಕಟ್ಟಳೆಯನ್ನು ಮೀರಿದರು. 1851ರಲ್ಲಿ ಸಮಿತಿಯನ್ನು ಕೇಳದೆ ಕ್ಯಾಥರಿನ್ ಮಲ್‌ಗ್ರೇವ್ ಎಂಬಾಕೆಯನ್ನು ಮದುವೆಯಾದರು. ಬಾಲ್ಯದಲ್ಲಿ ಗುಲಾಮರ ಹಡಗಿಗೆ ಸಿಕ್ಕು ಜಮೈಕ ಸೇರಿದ ಆಕೆ ಶಿಕ್ಷಕಿಯಾಗಿ ಆಫ್ರಿಕಕ್ಕೆ ಬಂದಿದ್ದರು; ಮೊದಲ ಗಂಡನಿಂದ ಬೇರೆಯಾಗಿದ್ದರು. ಸಮಿತಿ ಝಿಮ್ಮರ್‌ಮಾನ್‌ರನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಹೆಂಡತಿ ಮಕ್ಕಳನ್ನು ಯುರೋಪಿಗೆ ಕರೆತರಬಾರದು ಎಂಬ ಷರತ್ತು ಹಾಕಿತು. ಶಿಕ್ಷೆಯೆಂದು ಹಾಕಿದ ಈ ಷರತ್ತಿನಿಂದಲೇ, ಉಳಿದವರ ಮಕ್ಕಳು ಕಡಲು ದಾಟುತ್ತಿದ್ದಾಗ, ಈ ಮನೆ ಆಫ್ರಿಕದಲ್ಲಿ ಬೇರೂರಲು ಎಡೆಯಾಯಿತು.

1937ಕ್ಕೂ ಬಹಳ ಮುಂಚೆಯೇ ಪಾಲಮೂರು ಸೀಮೆಗೆ ಬಂದಿದ್ದ ಮೆನೊನೈಟರದು ಬೇರೆ ದಾರಿ. ರಷ್ಯಾದಿಂದ ಅಮೆರಿಕಕ್ಕೆ ವಲಸೆ ಹೋದ ರೈತ ಮನೆತನಗಳ ಮಕ್ಕಳು ಇವರು. ಡೇನಿಯಲ್ ಬರ್ಗ್‌ಥೋಲ್ಡ್ ದಂಪತಿ 1904ರಲ್ಲಿ ಕೂಸು ವಯೋಲಾಳೊಂದಿಗೆ ಬಂದರು. ಬಂದ ಹೊಸತರಲ್ಲೇ ತಾಯಿ ಟೀನಾ ತೀರಿಕೊಂಡರು. ತಂದೆ ನಾಗರಕರ್ನೂಲಿನಲ್ಲಿ ನೆಲೆ ನಿಂತರು. ಆ ವಯೋಲಾ ಬೆಳೆದು, ಜಾನ್ ವೀಬೆ ಅವರನ್ನು ಮದುವೆಯಾಗಿ, 1927ರಲ್ಲಿ ಅದೇ ಸೀಮೆಗೆ ತಾನೇ ಮಿಷನರಿಯಾಗಿ ಬಂದರು. ಆಕೆಯ ನೆನಪುಗಳು ‘ಸೆಪಿಯಾ ಪ್ರಿಂಟ್ಸ್’ ಎಂಬ ಪುಸ್ತಕವಾಗಿವೆ. ತಾಯಿಯನ್ನು ನುಂಗಿದ ಸೀಮೆಗೇ ಮಗಳು ಮರಳಿದ್ದನ್ನು ಬರೀ ಭಕ್ತಿಯೆನ್ನಲು ಮನಸ್ಸಾಗುವುದಿಲ್ಲ. ಆಕೆಗೆ ಬೇರೆ ಯಾವ ಊರೂ ಇಷ್ಟು ಸ್ವಂತವಾಗಿರಲಿಲ್ಲ.

ಇವರ ಮಕ್ಕಳು ಕಡಲು ದಾಟಬೇಕಾಗಿರಲಿಲ್ಲ. 1901ರಲ್ಲಿ ಕೊಡೈಕನಾಲ್‌ನಲ್ಲಿ ಮಿಷನರಿ ಮಕ್ಕಳ ಶಾಲೆ ಶುರುವಾಗಿತ್ತು. ಕೊಡೈ ರೋಡ್ ನಿಲ್ದಾಣದವರೆಗೆ ರೈಲು, ಅಲ್ಲಿಂದ ಘಟ್ಟ. ಬೇಸಿಗೆಯಲ್ಲಿ ತಾಯಂದಿರು ಬೆಟ್ಟಕ್ಕೆ ಹೋಗಿ ಮಕ್ಕಳ ಜೊತೆ ಇರುತ್ತಿದ್ದರು. ಶಾಲೆಯ ದೊಡ್ಡ ರಜೆ ಬರುತ್ತಿದ್ದದ್ದು ಅಕ್ಟೋಬರ್ ನಂತರ. ಹಳ್ಳಿಹಳ್ಳಿಗೆ ಡೇರೆ ಹೊತ್ತು ಪ್ರಚಾರಕ್ಕೆ ಹೋಗುವ ಚಳಿಗಾಲವೂ ಅದೇ. ಹಾಗಾಗಿ ಮಕ್ಕಳು ಮನೆಗೆ ಬರುವ ಹೊತ್ತಿಗೆ ಮನೆಯೇ ಡೇರೆಗೆ ಹೊರಡುವ ಸಮಯವಾಗಿರುತ್ತಿತ್ತು. ಇಂಥದೇ ಮಿಷನರಿ ದಂಪತಿಯ ಮಗನಾಗಿ ಶಂಷಾಬಾದಿನಲ್ಲಿ 1932ರಲ್ಲಿ ಹುಟ್ಟಿದ ಪಾಲ್ ಹೀಬರ್ಟ್ ಮುಂದೆ ಮಾನವಶಾಸ್ತ್ರಜ್ಞರಾಗಿ, ಇದೇ ಸೀಮೆಯ ಒಂದು ಹಳ್ಳಿಯ ಮೇಲೆ ‘ಕೊಂಡೂರು’ ಎಂಬ ಅಧ್ಯಯನ ಬರೆದರು. ಹಳ್ಳಿಗೆ ಹತ್ತಿರವಾಗಿದ್ದೂ ಹಳ್ಳಿಯವನಾಗದೆ ಬೆಳೆದವನಿಗೆ ಆ ಶಾಸ್ತ್ರ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಸಭೆಯ ಆಫ್ರಿಕದ ಕೆಲಸಕ್ಕೆ ಹೋಲಿಸಿದರೆ ಚಿತ್ರ ಇನ್ನೂ ತಿಳಿಯಾಗುತ್ತದೆ. ಕಾಂಗೋದ ಕಫುಂಬಾದಲ್ಲಿ ಆರನ್ ಮತ್ತು ಅರ್ನೆಸ್ಟಿನಾ ಯಾನ್‌ಸೆನ್ ದಂಪತಿ 1924ರಲ್ಲಿ ಕೇಂದ್ರ ಕಟ್ಟಿದರು. ಸಭೆ ಅದನ್ನು ಅಧಿಕೃತವಾಗಿ ವಹಿಸಿಕೊಂಡದ್ದು 1943ರಲ್ಲಿ. ಅಲ್ಲಿಯವರೆಗೆ ಹೊಲ ತೋಟಗಳ ಆದಾಯವೇ ಅದಕ್ಕೆ ದೊಡ್ಡ ಆಸರೆ. ಅಲ್ಲಿ ಒಕ್ಕಲುತನ, ಅಡುಗೆಮನೆ, ಪ್ರಾರ್ಥನೆಗಳ ನಡುವೆ ಗಡಿಯೇ ಇರಲಿಲ್ಲ. ಗದ್ವಾಲ ಮೆನೊನೈಟರಿಗೆ ಬಂದ 1937ರಲ್ಲೇ ಅರ್ನೆಸ್ಟಿನಾ ಕಫುಂಬಾದಲ್ಲಿ ತೀರಿಕೊಂಡರು.

ಇಷ್ಟು ಹೇಳಿದರೂ ಅರ್ಧ ಮಾತ್ರ ಹೇಳಿದಂತಾಯಿತು. ಪಾಲಮೂರಿನ ಸಭೆಯನ್ನು ದಿನದಿನವೂ ನಡೆಸಿದವರು ಬಹುಪಾಲು ಮಾಲ, ಮಾದಿಗ ಕೇರಿಗಳಿಂದ ಬಂದ ಪ್ರಚಾರಕರು, ಅವರ ಹೆಂಡಂದಿರು, ಬೈಬಲ್ ಸ್ತ್ರೀಯರು. ಅವರೂ ದಂಪತಿಗಳೇ. ಊರೂರಿಗೆ ವರ್ಗವಾಗಿ, ಸಣ್ಣ ಸಂಬಳದಲ್ಲಿ, ಕೇರಿಯಲ್ಲೇ ಮನೆ ಮಾಡಿ ಬದುಕಿದವರು. ಅವರ ಮಕ್ಕಳು ಓದಬೇಕೆಂದರೆ ಮಿಷನ್ ಬೋರ್ಡಿಂಗ್ ಶಾಲೆಗೇ ಹೋಗಬೇಕಿತ್ತು. ಮಿಷನರಿಯ ಮಗು ಕೊಡೈಗೆ, ಪ್ರಚಾರಕನ ಮಗು ಬೋರ್ಡಿಂಗಿಗೆ: ತಂದೆತಾಯಿಯಿಂದ ದೂರವಾದದ್ದು ಇಬ್ಬರೂ. ಅನುಭವ ಒಂದೇ ಎನ್ನಲಾರೆ, ಏಕೆಂದರೆ ಬೋರ್ಡಿಂಗ್ ಸೇರಿದ ಮಾದಿಗರ ಹುಡುಗಿಗೆ ಅದು ಅಗಲಿಕೆಯ ಜೊತೆಗೆ ಜೀತದಿಂದ ಬಿಡುಗಡೆಯೂ ಆಗಬಹುದಿತ್ತು. ಆದರೆ ಒಬ್ಬರ ಅಗಲಿಕೆ ‘ತ್ಯಾಗ’ವಾಗಿ ಪತ್ರಿಕೆಗಳಲ್ಲಿ ಅಚ್ಚಾಯಿತು, ಇನ್ನೊಬ್ಬರದು ಶಾಲೆಯ ಹಾಜರಿ ಸಂಖ್ಯೆಯಾಯಿತು.

ಇದು ಆಕರಗಳ ಪ್ರಶ್ನೆಯೂ ಹೌದು. ಮಿಷನರಿಗಳ ಕಾಗದಪತ್ರಗಳನ್ನು ಓದಲು ಬಾಸೆಲ್ಲಿಗೋ ಕ್ಯಾಲಿಫೋರ್ನಿಯದ ಫ್ರೆಸ್ನೊಗೋ ಹೋಗಬಹುದು. ಪ್ರಚಾರಕರ ಮನೆಗಳ ಚರಿತ್ರೆಗೆ ಉಟ್ಕೂರು, ಮಕ್ತಲ್, ಗದ್ವಾಲಗಳ ಕೇರಿಗಳಲ್ಲಿ ಕುಳಿತು, ತೆಲುಗಿನಲ್ಲೂ ಗಡಿಯ ಕನ್ನಡದಲ್ಲೂ ಬೋರ್ಡಿಂಗಿನಲ್ಲಿ ಓದಿದ ಹಿರಿಯರ ಮಾತನ್ನು ಬರೆದಿಟ್ಟುಕೊಳ್ಳಬೇಕು. ಮೊದಲು ಕೇಳಬೇಕಾದ್ದು ಹೆಣ್ಣುಮಕ್ಕಳನ್ನು: ರಜೆಗೆ ಮನೆಗೆ ಕರೆದೊಯ್ಯಲು ಯಾರು ಬರುತ್ತಿದ್ದರು, ಯಾವ ವರ್ಷ ಯಾರೂ ಬರಲಿಲ್ಲ?