ಒಂದು ಬೋಲ್ಟ್ ಕಳಚಿದರೆ ಇಡೀ ರೈಲು ಹಳಿ ತಪ್ಪುತ್ತದೆಯೇ?

"ಒಂದೇ ಒಂದು ಬೋಲ್ಟ್ ಕಳಚಿದರೆ ಸಾಕು, ಇಡೀ ರೈಲು ಹಳಿ ತಪ್ಪುತ್ತದೆ" ಎಂಬಂಥ ಸಂದೇಶ ನಿಮಗೂ ಬಂದಿರಬಹುದು. "ಅಷ್ಟು ದೊಡ್ಡ ಗಾಡಿಗೆ ಒಂದು ಬೋಲ್ಟ್ ಯಾವ ಲೆಕ್ಕ?" ಎನ್ನುವವರೂ ಇದ್ದಾರೆ. ಎರಡೂ ಅರ್ಧಸತ್ಯ. ಆ ಬೋಲ್ಟ್ ಎಲ್ಲಿದೆ, ಅದರ ಕೆಲಸವನ್ನು ಬೇರೆ ಭಾಗ ಹೊರಬಲ್ಲದೇ ಎಂಬುದೇ ಮುಖ್ಯ. ಇದನ್ನು ತಿಳಿಯುವ ಒಂದು ದಾರಿ ನೆಟ್‌ವರ್ಕ್ ವಿಶ್ಲೇಷಣೆ.

ಏನಿದು?

ಯಂತ್ರದ ಪ್ರತಿ ಬಿಡಿಭಾಗಕ್ಕೆ ಒಂದು ಚುಕ್ಕಿ ಇಡಿ. ಒಂದು ಭಾಗ ಇನ್ನೊಂದಕ್ಕೆ ಭಾರ, ವಿದ್ಯುತ್ ಅಥವಾ ಎಣ್ಣೆ ದಾಟಿಸಿದರೆ ನಡುವೆ ಗೆರೆ ಎಳೆಯಿರಿ. ಚುಕ್ಕಿ ರಂಗೋಲಿಯಂಥ ಈ ನಕ್ಷೆಯೇ ನೆಟ್‌ವರ್ಕ್. ಇದರ ಗಣಿತಕ್ಕೆ ಬುನಾದಿ ಹಾಕಿದವರು 1736ರಲ್ಲಿ ಸೇತುವೆಗಳ ಒಗಟು ಬಿಡಿಸಿದ ಆಯ್ಲರ್. ಯಂತ್ರ ವಿನ್ಯಾಸದಲ್ಲಿ ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಕೋಷ್ಟಕದಲ್ಲಿ ಬರೆಯುವ ಪದ್ಧತಿಯನ್ನು 1981ರಲ್ಲಿ ಡೊನಾಲ್ಡ್ ಸ್ಟೀವರ್ಡ್ ಮುಂದಿಟ್ಟರು.

ಹೆಬ್ಬಾಳದ ಪಾಠ

ಬಳ್ಳಾರಿ ರಸ್ತೆ ಮತ್ತು ಹೊರ ವರ್ತುಲ ರಸ್ತೆ ಸೇರುವುದು ಹೆಬ್ಬಾಳದಲ್ಲಿ. ಅಲ್ಲಿ ವಾಹನ ನಿಂತರೆ ಯಲಹಂಕದಿಂದ ಆರ್.ಟಿ. ನಗರಕ್ಕೆ ಹೊರಟವರು ಸಿಕ್ಕಿಕೊಳ್ಳುತ್ತಾರೆ. ಯಶವಂತಪುರಕ್ಕೆ ಹೊರಟವರಿಗೆ ಜಾಲಹಳ್ಳಿ ಕಡೆಯ ದಾರಿಯಾದರೂ ಇದೆ. ಯಂತ್ರದಲ್ಲೂ ಅಷ್ಟೇ: ಹಲವು ದಾರಿಗಳು ಹಾದುಹೋಗುವ, ಬದಲಿ ದಾರಿಯಿಲ್ಲದ ಚುಕ್ಕಿಯೇ ನಾಜೂಕಿನ ಜಾಗ.

ರೈಲಿನಲ್ಲಿ ನೋಡಿ

ಯಲಹಂಕದಲ್ಲಿ 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆ ಗಾಲಿ ಮತ್ತು ಆಕ್ಸಲ್ ತಯಾರಿಸಿ, ಎರಡನ್ನೂ ಜೋಡಿಸುತ್ತದೆ. ಗಾಲಿಯನ್ನು ಆಕ್ಸಲ್‌ಗೆ ಬೋಲ್ಟ್ ಹಾಕಿ ಕೂರಿಸುವುದಿಲ್ಲ, ಭಾರೀ ಒತ್ತಡದಲ್ಲಿ ಬಿಗಿಯಾಗಿ ತೂರಿಸುತ್ತಾರೆ. ಬೋಗಿಯ ಭಾರ ಸ್ಪ್ರಿಂಗ್, ಬೇರಿಂಗ್, ಆಕ್ಸಲ್, ಗಾಲಿಗಳ ಮೂಲಕ ಹಳಿಗೆ ಇಳಿಯುತ್ತದೆ. ಈ ಸರಪಳಿಯಲ್ಲಿ ಆಕ್ಸಲ್‌ಗೆ ಬದಲಿಯಿಲ್ಲ. ಅದಕ್ಕೇ ಒಳಗಿನ ಬಿರುಕು ಹುಡುಕಲು ಆಕ್ಸಲ್‌ಗೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡುತ್ತಾರೆ. ಸೀಟಿನ ಬೋಲ್ಟ್ ನಕ್ಷೆಯ ಅಂಚಿನ ಚುಕ್ಕಿ. ಅದು ಸಡಿಲವಾದರೆ ಸೀಟು ಅಲುಗೀತು, ರೈಲು ಓಡುತ್ತದೆ. ಎಂಟು ಬೋಲ್ಟ್‌ಗಳು ಒಟ್ಟಿಗೆ ಹಿಡಿದಿರುವ ಕಡೆ ಒಂದು ಹೋದರೆ ಉಳಿದವು ಭಾರ ಹಂಚಿಕೊಳ್ಳುತ್ತವೆ. ಆದರೆ ಅವುಗಳ ಮೇಲಿನ ಹೊರೆ ಹೆಚ್ಚುವುದರಿಂದ ರಿಪೇರಿ ತಡಮಾಡುವಂತಿಲ್ಲ.

ಮಿತಿಯೂ ಇದೆ

ಎಲ್ಲಿ ಮುರಿದರೆ ಅಪಾಯ ಎಂದು ನಕ್ಷೆ ತೋರಿಸುತ್ತದೆ. ಯಾವಾಗ ಮುರಿಯುತ್ತದೆ ಎಂದಲ್ಲ. ಅದಕ್ಕೆ ಲೋಹದ ಪರೀಕ್ಷೆ, ನಿಯಮಿತ ತಪಾಸಣೆ ಬೇಕೇ ಬೇಕು.

ಹಾಗಾದರೆ ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ: ಆ ಭಾಗ ಯಾವುದು? ಏನನ್ನು ಹೊರುತ್ತಿದೆ? ಅದಕ್ಕೆ ಬದಲಿ ಇದೆಯೇ? ರೈಲಿನಲ್ಲಿ ನಿಜಕ್ಕೂ ಏನಾದರೂ ಕಳಚಿದ್ದು ಕಂಡರೆ ವಿಡಿಯೋ ಹಂಚುವುದಕ್ಕಿಂತ ಮೊದಲು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.